ಮುಂದಿನ ಗೇರಿಗೆ ಶೇಂಗಾ ಎಣ್ಣೆ

ಪೂಜ್ಯ ಮಾವನವರಿಗೆ, ಅಂದರೆ ನನ್ನ ಅಪ್ಪಾಜಿಯವರಿಗೆ,

ಸೊಸೆ ವಾಣಿಶ್ರೀ ಅಡುಗೆಮನೆಯಿಂದ ಕಳಿಸುತ್ತಿರುವ ಶರಣು. ಒಂದೇ ಮನೆಯಲ್ಲಿದ್ದುಕೊಂಡು ಮಾವನಿಗೆ ಕಾಗದ ಬರೆಯುವ ಸೊಸೆ ಇಡೀ ಚಳ್ಳಕೆರೆಯಲ್ಲಿ ಇನ್ನೊಬ್ಬಳು ಸಿಗಲಿಕ್ಕಿಲ್ಲ. ನೀವು ಕೂತಿರುವ ಪಡಸಾಲೆಗೆ ಇಲ್ಲಿಂದ ಇಪ್ಪತ್ತು ಹೆಜ್ಜೆ. ಆದರೆ ಎದುರಿಗೆ ನಿಂತರೆ ನನ್ನ ಬಾಯಿಂದ "ಕಾಫಿ ತರ್ಲಾ ಅಪ್ಪಾಜಿ" ಎನ್ನುವುದು ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ಮದುವೆಯಾದಾಗಿನಿಂದ ಹೀಗೇ. ವಿಷಯ ನನ್ನ ಸೈಕಲ್ಲಿನದು. ಈಗಲೇ ನಗಬೇಡಿ, ನಗುವ ಜಾಗ ಮುಂದೆ ಬರುತ್ತದೆ.

ಯುಗಾದಿ ಕಳೆದ ವಾರ ಆ ಗೇರ್ ಸೈಕಲ್ ಮನೆಗೆ ಬಂದಾಗ ನೀವು ಪೇಪರಿನಿಂದ ತಲೆಯೆತ್ತಿ "ಮನೇಲಿ ಕಾರೈತಲ್ಲಮ್ಮ" ಅಂದಿರಿ. ಮತ್ತೆ ಪೇಪರಿನೊಳಗೆ ಮುಳುಗಿದಿರಿ. ಎಣ್ಣೆ ಮಿಲ್ಲಿನ ಜಯದೇವಪ್ಪನವರ ಸೊಸೆ, ನಲವತ್ತೆಂಟು ವರ್ಷದ ಹೆಂಗಸು, ಚೂಡಿದಾರ ತೊಟ್ಟು ಬಳ್ಳಾರಿ ರಸ್ತೆಯಲ್ಲಿ ಸೈಕಲ್ ತುಳಿಯುವುದು ನಿಮಗೆ ಸರಿಬಂದಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ. ನಿಮ್ಮ ಮಗನೂ "ಅಪ್ಪಾಜಿಗೆ ಇಷ್ಟ ಇದ್ದಂಗಿಲ್ಲ ಕಣೆ" ಎಂದು ಒಗ್ಗರಣೆ ಹಾಕಿದರು. ಆದರೂ ಬಿಡಲಾಗಲಿಲ್ಲ. ಭಾನುವಾರ ಬೆಳಗಿನ ಆ ಮೂರು ಗಂಟೆ ಹೊತ್ತು ಯಾರಿಗೂ ಏನೂ ಬಡಿಸಬೇಕಾಗಿಲ್ಲ, ಗಾಳಿ ಎದುರಿಗೆ ಬರುತ್ತದೆ, ನಾನು ಹೋಗುತ್ತಿರುತ್ತೇನೆ. ಇಷ್ಟು ಖುಷಿ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ ಅಪ್ಪಾಜಿ.

ಮನೆಗೆ ಬಂದಾಗಲೆಲ್ಲ ನೀವು ಪೂಜೆಗೆ ಹತ್ತಿಯ ಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದಿರಿ. "ಸರಾಗ ಹೋಯ್ತೇನಮ್ಮ?" ಎಂದು ಕೇಳುತ್ತಿದ್ದಿರಿ. ನನಗೆ ಅದು ಕುಟುಕಿದಂತೆ ಕೇಳಿಸುತ್ತಿತ್ತು. "ಬಹಳ ಸರಾಗ ಅಪ್ಪಾಜಿ" ಎಂದು ಬಿರುಸಾಗಿ ಹೇಳಿ ಒಳಗೆ ಹೋಗುತ್ತಿದ್ದೆ.

ಅದು ಶುದ್ಧ ಸುಳ್ಳು. ಮುಂದಿನ ಗೇರು ಎರಡು ತಿಂಗಳಿಂದ ನನ್ನ ಪ್ರಾಣ ತಿನ್ನುತ್ತಿತ್ತು. ಪೆಡಲಿನ ಹತ್ತಿರ ಒಂದು ಚಿಕ್ಕ, ಒಂದು ದೊಡ್ಡ ಹಲ್ಲಿನ ಚಕ್ರ ಇವೆಯಲ್ಲ, ಎಡಗೈಯ ಗುಂಡಿ ಒತ್ತಿದರೆ ಒಂದು ಪುಟ್ಟ ತೋಳು ಚೈನನ್ನು ಚಿಕ್ಕದರಿಂದ ದೊಡ್ಡದಕ್ಕೆ ತಳ್ಳಬೇಕು. ನನ್ನ ಸೈಕಲ್ಲಿನ ತೋಳು ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ದುರ್ಗದ ಒಂದು ಅಂಗಡಿಯವನು ತಂತಿ ಬದಲಾಯಿಸಿದ, ಎರಡು ಸ್ಕ್ರೂ ತಿರುವಿದ. ಆಮೇಲೆ ಚೈನು ಅಪರೂಪಕ್ಕೆ ಏರಿದರೂ ದೊಡ್ಡ ಚಕ್ರ ದಾಟಿ ಹೊರಗೆ ಬೀಳತೊಡಗಿತು. ಸಾಕಾಗಿ ನಿಮ್ಮ ಮಗನಿಗೆ ಹೇಳಿದೆ: ಒಂದೇ ಒಂದು ಸಲ ಬ್ರಹ್ಮಗಿರಿ ಬೆಟ್ಟಕ್ಕೆ ಹೋಗಿ ಬರುತ್ತೇನೆ, ಆಮೇಲೆ ಮಾರಿಬಿಡೋಣ, ಅಪ್ಪಾಜಿಗೂ ನೆಮ್ಮದಿ.

ಕಳೆದ ಭಾನುವಾರ ಹೊರಟಿದ್ದು ಅದೇ ಕೊನೆಯ ಸವಾರಿಗೆ. ಬಿ.ಜಿ. ಕೆರೆ ಹತ್ತಿರ ಚೈನು ಮತ್ತೆ ಕಿರಗುಟ್ಟಿತು. ಬಗ್ಗಿ ಅದನ್ನೇ ನೋಡುತ್ತಾ ತುಳಿದೆ, ಎದುರಿನ ಗುಂಡಿ ಕಾಣಲಿಲ್ಲ. ಮುಂದಿನ ಚಕ್ರ ದಢಾರನೆ ಇಳಿಯಿತು, ಹಿಂದೆಯೇ ನಾನೂ. ಮೊಣಕಾಲಿಗೆ ಬಾಗಿಲು ತಗುಲಿತು ಎಂದು ನಿಮಗೆ ಹೇಳಿದೆನಲ್ಲ, ಆ ಬಾಗಿಲು ಇದೇ. ರಿಮ್ಮು ಬೆಂಡಾಗಿ ಸುತ್ತಿಗೊಮ್ಮೆ ಬ್ರೇಕಿಗೆ ಉಜ್ಜುತ್ತಿತ್ತು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬರು ನಿಂತು, "ಬಸ್ ನಿಲ್ಲೋ ತಾವ ನಮ್ಮನೆಯಾಕಿದು ಪಂಚರ್ ಅಂಗಡಿ ಐತೆ, ಜಯಕ್ಕ ಅಂತಾರೆ, ಹೋಗ್ರಿ" ಎಂದರು.

ಜಯಕ್ಕ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದಳು. ರಿಮ್ಮಿನ ಅಂಚಿನುದ್ದಕ್ಕೂ ಉಗುರು ಆಡಿಸಿ, "ಸೀಳಿಲ್ಲ. ಸೀಳಿದ್ರೆ ಎಸೀಬೇಕಿತ್ತು. ಇದು ಬರೀ ಬೆಂಡು" ಎಂದಳು. ಚಕ್ರ ತಿರುಗಿಸಿ ಪಕ್ಕದಲ್ಲಿ ಸೀಮೆಸುಣ್ಣ ಹಿಡಿದಳು. ಸುಣ್ಣ ತಾಗಿದ ಜಾಗದಲ್ಲಿ ಈ ಪಕ್ಕದ ಕಡ್ಡಿ ಸಡಿಲಿಸುವುದು, ಆ ಪಕ್ಕದ್ದು ಬಿಗಿ ಮಾಡುವುದು, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಅರ್ಧ ಗಂಟೆಯಲ್ಲಿ ಚಕ್ರ ನೆಟ್ಟಗೆ ತಿರುಗಿತು.

"ಗೇರಿಂದು ನಂಗೆ ಅಷ್ಟು ಗೊತ್ತಿಲ್ಲಕ್ಕ, ನೋಡ್ತೀನಿ" ಎನ್ನುತ್ತಾ ಆ ತೋಳನ್ನು ಮುಟ್ಟಿ, ಬೆರಳು ಮೂಸಿದಳು. ಮತ್ತೊಮ್ಮೆ ಮೂಸಿದಳು. "ಇದು ಶೇಂಗಾ ಎಣ್ಣೆ ಅಲ್ವೇನಕ್ಕ? ಧೂಳು ಕುಡ್ಕೊಂಡು ಅಂಟಾಗೈತೆ. ಪಾಪ, ಅದು ಹೆಂಗೆ ಅಲ್ಲಾಡ್ತೈತೆ?" ಪಿನ್ನಿನಿಂದ ಕೆದಕಿದಾಗ ಸಂದಿಯಿಂದ ಒಂದು ಎಳೆ ಹೊರಬಂತು. ಹೊಸೆದ ಹತ್ತಿ. ನಮ್ಮ ಮನೆಯಲ್ಲಿ ಬತ್ತಿ ಹೊಸೆಯುವುದು ಒಂದೇ ಒಂದು ಜೋಡಿ ಕೈ.

ಕ್ಷಮಿಸಿ ಅಪ್ಪಾಜಿ, ಮುಚ್ಚಿಡುವುದಿಲ್ಲ. ಆ ಗಳಿಗೆ ನನಗೆ ಸಿಟ್ಟು ಬಂತು. ನಾನು ಓಡಿಸಬಾರದು ಎಂದು ನೀವೇ ಕೆಡಿಸಿದಿರಿ ಎಂದುಕೊಂಡೆ. ಬಾಯಿಬಿಟ್ಟು ಅಂದೂಬಿಟ್ಟೆ. ಜಯಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೆಡ್ಸೋರು ಹಿಂಗೆ ಮಾಡಲ್ಲಕ್ಕ. ನೋಡ್ರಿಲ್ಲಿ, ಒಂದೊಂದು ಕೀಲಿಗೂ ಹಚ್ಚವ್ರೆ. ಹೆಚ್ಚಾಗಿದ್ದು ಒರೆಸವ್ರೆ. ಹ್ಯಾಂಡಲ್ ಮೇಲಿನ ಬೆಲ್‌ನೂ ಬಿಟ್ಟಿಲ್ಲ. ಇದು ಕೂಸಿಗೆ ಎಣ್ಣೆ ಹಚ್ಚೋ ಕೈ."

ಅವಳು ಸೀಮೆಎಣ್ಣೆ ಹಾಕಿ ಬ್ರಷ್ಷಿನಿಂದ ಉಜ್ಜುತ್ತಿದ್ದಳು, ನಾನು ಕಲ್ಲಿನ ಮೇಲೆ ಕೂತು ಅಳುತ್ತಿದ್ದೆ. ಸೊಸೆ ಅಂಗಡಿಯಿಂದ ತಂದ ಸೈಕಲ್ಲಿಗೆ ಮಾವ ಮನೆಯಲ್ಲಿದ್ದ ಅತ್ಯುತ್ತಮ ವಸ್ತುವನ್ನೇ ಕೊಟ್ಟಿದ್ದರು. ಮಂಡಿ ನೋವಿಗೆ, ಬಾಗಿಲ ಕೀಲಿಗೆ, ಮೊಮ್ಮಗಳ ತಲೆಗೆ ನಮ್ಮ ಮಿಲ್ಲಿನ ಶೇಂಗಾ ಎಣ್ಣೆ ಆಗುವುದಾದರೆ ಗೇರಿಗೆ ಯಾಕಾಗಬಾರದು! "ಸರಾಗ ಹೋಯ್ತೇನಮ್ಮ" ಎಂದು ನೀವು ವಿಚಾರಿಸುತ್ತಿದ್ದದ್ದು ನಿಮ್ಮ ಎಣ್ಣೆಯ ಬಗ್ಗೆ. ನಾನು "ಬಹಳ ಸರಾಗ" ಅಂದಷ್ಟೂ ನೀವು ಇನ್ನಷ್ಟು ಹಚ್ಚಿದಿರಿ. ನಿಮ್ಮ ಎಣ್ಣೆ, ನನ್ನ ಸುಳ್ಳು, ಎರಡೂ ಸೇರಿ ಅಂಟಾದವು.

ಅಂಗಡಿಯವನು ತಿರುವಿದ್ದ ಸ್ಕ್ರೂಗಳನ್ನು ಜಯಕ್ಕ ನೋಡಿಕೊಂಡು ಹಿಂದಕ್ಕೆ ತಿರುವಿದಳು. ಗುಂಡಿ ಒತ್ತಿದೆ. ಚೈನು ಟಕ್ ಎಂದು ಏರಿ ಅಲ್ಲೇ ಕೂತಿತು. ಬ್ರಹ್ಮಗಿರಿ ಮುಟ್ಟಿ, ಬಂಡೆಯ ನೆರಳಿನಲ್ಲಿ ನಾನೇ ಕಟ್ಟಿಕೊಂಡಿದ್ದ ಚಪಾತಿ ಬಿಚ್ಚಿದರೆ ಒಳಗೆ ಶೇಂಗಾ ಚಟ್ನಿ. ಒಬ್ಬಳೇ ಬಿದ್ದು ಬಿದ್ದು ನಕ್ಕೆ.

ಅವತ್ತು ಸಂಜೆ ನೀವು ಎಂದಿನಂತೆ ಕೇಳಿದಿರಿ. ನಾನು "ಕಾಫಿ ತರ್ತೀನಿ ಅಪ್ಪಾಜಿ" ಎಂದು ಒಳಗೆ ಬಂದೆ. ಮುನಿಸಿನಿಂದಲ್ಲ, ಈ ಕಾಗದಕ್ಕೆ ಹಾಳೆ ಹುಡುಕಲು.

ಸೈಕಲ್ ಮಾರುವುದಿಲ್ಲ. ಈ ಕಾಗದದ ಜೊತೆ ನಿಮ್ಮ ಬತ್ತಿ ಬುಟ್ಟಿಯ ಪಕ್ಕ ಒಂದು ಚಿಕ್ಕ ಬಾಟಲಿ ಇಟ್ಟಿದ್ದೇನೆ. ಚೈನಿಗೆಂದೇ ಮಾಡಿದ ಎಣ್ಣೆ. ನಮ್ಮ ಮಿಲ್ಲಿನ ಘಮ ಇದಕ್ಕಿಲ್ಲ, ಸಹಿಸಿಕೊಳ್ಳಿ. ಕೈಗೆ ಬತ್ತಿ ಬೇಡ, ಹಳೇ ಪಂಚೆಯ ಚೂರು ಸಾಕು. ಹಚ್ಚುವುದನ್ನು ಮಾತ್ರ ನಿಲ್ಲಿಸಬೇಡಿ. ಕದ್ದು ಹಚ್ಚುವುದೂ ಬೇಡ. ಶನಿವಾರ ಸಂಜೆ ಕಾಫಿ ತಂದುಕೊಟ್ಟು ನಾನೇ ಪೆಡಲ್ ತಿರುಗಿಸುತ್ತೇನೆ, ನೀವು ಎಣ್ಣೆ ತೊಟ್ಟು ತೊಟ್ಟಾಗಿ ಬಿಡಿ. ಭಾನುವಾರ ಕೇಳಿದಾಗ ನಿಜ ಹೇಳುತ್ತೇನೆ.

ನಿಮ್ಮ ಆಶೀರ್ವಾದ ಇಷ್ಟು ದಿನ ನನ್ನ ಗೇರಿಗೆ ಮೆತ್ತಿಕೊಂಡೇ ಇತ್ತು, ನನಗೆ ಗೊತ್ತಾಗಲಿಲ್ಲ. ಇನ್ನು ಮುಂದೆ ಒಂದಿಷ್ಟು ತಲೆಯ ಮೇಲೂ ಇರಲಿ.

ಕಾಫಿ ಸೋಸುತ್ತಾ ನಿಮ್ಮ ಉತ್ತರಕ್ಕೆ ಕಿವಿಗೊಟ್ಟಿರುವ,
ನಿಮ್ಮ ಸೊಸೆ
ವಾಣಿಶ್ರೀ