ಬೇಲಿಯಾಚೆಯ ಚೊಂಬು

೧೯೫೭ ಜುಲೈ ೪, ಹುಲಿಕೆರೆ

ಬಾವಿ, ಮಡಿ, ಒಲೆ, ದೇವರ ನೈವೇದ್ಯದ ತಳಿಗೆ. ಬೆನ್ನು ಬಿದ್ದುಹೋಗಿದೆ. ಇವರು ಗುಡಿಗೆ ಹೊರಡುವಾಗ ‘ಅಭಿಷೇಕದ ಹಾಲೆಲ್ಲಿ?’ ಎಂದರು. ಹಾಲಿಲ್ಲ. ತುಂಗೆ ಎರಡು ದಿನದಿಂದ ಮೇವು ಮುಟ್ಟಿಲ್ಲ. ಬಾಯಿಂದ ಜೊಲ್ಲು ಇಳಿಯುತ್ತಲೇ ಇದೆ. ಕೂಗುವ ದನಿಯೂ ಅವಳದಲ್ಲ — ಗಂಟಲು ಕಟ್ಟಿದ ದನಿ.

ಅತ್ತೆಯವರು ಜಗಲಿಯಲ್ಲಿ ಕೂತೇ ತೀರ್ಮಾನ ಕೊಟ್ಟರು: ‘ಕಾಯಿಹೋಳು ಸಿಕ್ಕಿಕೊಂಡಿದೆ.’ ಇರಬಹುದು. ಗುಡಿಯಲ್ಲಿ ಒಡೆದ ಕಾಯಿಯ ಚೂರೆಲ್ಲ ಅವಳ ಬಾಯಿಗೇ ಹಾಕುವುದು. ತೆಗೆಯುವವರು ಯಾರು? ಇವರು ಮಡಿಯಲ್ಲಿದ್ದರು. ಇವರು ಯಾವಾಗಲೂ ಮಡಿಯಲ್ಲೇ ಇರುತ್ತಾರೆ.

ಬೇಲಿಯ ಹತ್ತಿರ ಹೋಗಿ ಬಸಮ್ಮನನ್ನು ಕೂಗಿದೆ. ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರ ಹೆಂಡತಿ, ಹಟ್ಟಿ ತುಂಬ ದನ ಕಟ್ಟಿದವಳು. ಸೆರಗು ಸಿಕ್ಕಿಸಿಕೊಂಡು ಬಂದಳು.

‘ದವಡೆ ನಾ ಇಡ್ಕತೀನಿ. ನಿನ್ ಕೈ ಸಣ್ಣದು ಕಣೇ, ನೀನು ಹಾಕು.’

ಮೊಣಕೈ ತನಕ ಹಾಕಿದೆ. ಕಾಯಿಯೂ ಇಲ್ಲ, ಏನೂ ಇಲ್ಲ. ನಿನ್ನೆ ತುರಿಮಣೆಗೆ ಸಿಕ್ಕಿದ್ದ ಬೆರಳು ಚುರುಗುಟ್ಟಿತು. ಬಸಮ್ಮನ ಹೆಬ್ಬೆರಳು ಹಲ್ಲಿಗೆ ಸಿಕ್ಕಿ ರಕ್ತ ಬಂತು. ‘ನಿಮ್ಮ ಹಸೂಗೂ ಮಡಿ ಕಣೇ, ನಮ್ಮ ಕೈ ಆಗಕಿಲ್ಲ’ ಎಂದು ನಕ್ಕು, ಅರಿಸಿನ ಮೆತ್ತಿಕೊಂಡು ಹೋದಳು. ನಾನು ಸ್ನಾನ ಮಾಡಿ ಮತ್ತೆ ಒಲೆ ಮುಂದೆ.

ಜುಲೈ ೭

ತುಂಗೆ ಹೋದಳು. ಕಂಬಕ್ಕೆ ಗುದ್ದಿ ಗುದ್ದಿ ಹೋದಳು. ಹೂಳಲು ಬಂದ ಪುಟ್ಟಸ್ವಾಮಿ ಬಾಯಿಬಿಟ್ಟ — ‘ಹೋದ ತಿಂಗ್ಳು ಕೆರೆ ಏರಿ ಮ್ಯಾಲೆ ಹುಚ್ಚುನಾಯಿ ಹೊಡುದ್ವಲ್ಲ, ಅದು ಐನೋರ ಹಸೂನ ಮೂತಿಗೂ ಬಾಯಾಕಿತ್ತು.’ ಒಂದು ತಿಂಗಳಿಂದ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ, ಮಹಾರಾಯ.

ಸಂಜೆಗೆ ಅರ್ಧ ಊರು ನಮ್ಮ ಜಗಲಿಯಲ್ಲಿ. ಎಲ್ಲರಿಗೂ ಹಾಲಿನದೇ ಚಿಂತೆ. ಪಂಚಾಮೃತ ಕುಡಿದವರು, ಮಜ್ಜಿಗೆ ಈಸಿಕೊಂಡು ಹೋದವರು, ಪ್ರಸಾದದ ಪಾಯಸ ತಿಂದವರು. ಇವರ ಮುಖ ಸುಣ್ಣವಾಗಿತ್ತು. ತಮ್ಮ ಕೈಯಾರೆ ಊರಿಗೆಲ್ಲ ಹಂಚಿದವರು. ಪಾಪ ಅನ್ನಿಸಿತು. ಬಂದವರಿಗೆಲ್ಲ ನೀರು ಬೆಲ್ಲ ಕೊಟ್ಟು ಕೊಟ್ಟು ಸಾಕಾಯಿತು.

ಜುಲೈ ೮

ಇವರು ಬೇಲೂರಿಗೆ ಹೋಗಿ ಡಾಕ್ಟರನ್ನು ಕಂಡು ಬಂದರು. ಊರಿಗೆಲ್ಲ ಸಮಾಧಾನ: ಕಾಯಿಸಿದ ಹಾಲಿಗೆ ಹೆದರಬೇಡಿ, ಬಾಯಲ್ಲಿ ಹುಣ್ಣಿದ್ದು ಹಸಿಹಾಲಿನ ಪಂಚಾಮೃತ ಕುಡಿದವರು ಮಾತ್ರ ಬಂದು ತೋರಿಸಲಿ. ಜನ ಎದ್ದು ಮನೆಗೆ ಹೋದರು.

ಆಮೇಲೆ ಇವರು ಅಡಿಗೆಮನೆ ಬಾಗಿಲಲ್ಲಿ ನಿಂತರು. ‘ಇನ್ನೊಂದು ಕೇಳಿದರು. ಹಸುವಿನ ಬಾಯಿಗೆ ಕೈ ಹಾಕಿದವರು ಯಾರಾದರೂ ಇದ್ದಾರಾ ಅಂತ.’

ರೊಟ್ಟಿಗೆ ಹಿಟ್ಟು ಕಲಸುತ್ತಿದ್ದೆ. ಇವರು ನನ್ನ ಕೈ ನೋಡಿದರು. ನಾನೂ ನೋಡಿದೆ. ಎರಡು ದಿನದಿಂದ ಇಷ್ಟು ಜನ ಬಂದು ಹೋದರು, ಈ ಮಾತು ಒಬ್ಬರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಹಿಟ್ಟಿನ ಕೈ ತೊಳೆದುಕೊಂಡೆ. ಅಲ್ಲೇ ಕೂತೆ.

ಜುಲೈ ೧೧

ಮದ್ದು ಬಂದಿದೆ. ಹದಿನಾಲ್ಕು ಇಂಜೆಕ್ಷನ್, ದಿನಕ್ಕೊಂದು, ಹೊಕ್ಕುಳಿನ ಸುತ್ತ. ನಾನು, ಬಸಮ್ಮ ಇಬ್ಬರೂ. ಹಳೇಬೀಡಿನವರೆಗೆ ನಡಿಗೆ, ಅಲ್ಲಿಂದ ಬಸ್ಸು. ಡಾಕ್ಟರು ಗಂಡಸು. ಸೀರೆ ಸಡಿಲಿಸಿ ಮುಖಕ್ಕೆ ಸೆರಗು ಹಾಕಿಕೊಂಡು ಮಲಗಿದೆ. ಸೂಜಿ ಬೆರಳುದ್ದ. ನೋವಿಗಿಂತ ಮೊದಲು ನಾಚಿಕೆಗೇ ಕಣ್ಣಲ್ಲಿ ನೀರು ಬಂತು. ಬಸಮ್ಮ ಮಾತ್ರ — ‘ಮೆಲ್ಲುಕ್ ಚುಚ್ಚಿ ಸ್ವಾಮಿ, ನಾಕು ಹೆತ್ತ ಹೊಟ್ಟೆ ಇದು.’

ಕಾಂಪೌಂಡರ್ ಒಂದು ಮಾತು ಹೇಳಿದ. ನೀರು ಇಳಿಯುತ್ತಿರುವವರೆಗೆ ಭಯವಿಲ್ಲವಂತೆ. ನೀರು ಕಂಡರೆ ಗಂಟಲು ಹಿಡಿಯಿತು ಅಂದರೆ... ಅಷ್ಟು ಹೇಳಿ ಚೀಟಿ ಬರೆಯತೊಡಗಿದ.

ಮನೆಗೆ ಬಂದು ಮೊದಲು ಒಂದು ಚೊಂಬು ನೀರು ಕುಡಿದೆ. ಇಳಿಯಿತು.

ಜುಲೈ ೧೪

ಬಸ್ಸಲ್ಲಿ ಕೂರಲು ಜಾಗವಿಲ್ಲ. ಹೊಟ್ಟೆ ಊದಿ ನಿಲ್ಲಲೂ ಆಗದು. ಕಂಡಕ್ಟರನಿಗೆ ಹೊಸ ಪೈಸೆಯ ಲೆಕ್ಕದ ಜಗಳವೇ ಮುಗಿಯದು. ಬಸಮ್ಮ ಸೀಟಿನಲ್ಲಿ ಕಾಲು ಚಾಚಿಕೊಂಡಿದ್ದ ಒಬ್ಬ ದಡಿಯನ ಹತ್ತಿರ ಬಗ್ಗಿ ಹೇಳಿದಳು: ‘ಅಪ್ಪಾ, ನಾವಿಬ್ರೂ ಹುಚ್ಚುನಾಯಿ ಕೇಸು.’ ಆಮೇಲೆ ಮೆಲ್ಲಗೆ ಒಂದು ಭೌ. ಸೀಟು ಎರಡೂ ಖಾಲಿ. ನಗಬಾರದು, ಹೊಟ್ಟೆ ನೋಯುತ್ತೆ. ನಕ್ಕೆವು.

ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಾಯಾರಿಕೆ. ಅವಳ ಹತ್ತಿರ ಚೊಂಬಿನಲ್ಲಿ ನೀರಿತ್ತು. ನನಗೆ ಕೊಡಲಿಲ್ಲ, ನಾನು ಕೇಳಲಿಲ್ಲ. ನಮ್ಮ ಮನೆಯ ನೀರು ಅವರಿಗೆ ಆಗುವುದಿಲ್ಲ, ಅವರದು ನಮಗೆ. ಇಪ್ಪತ್ತು ವರ್ಷದ ಪಕ್ಕದ ಮನೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೊಳದ ಮೆಟ್ಟಿಲ ಮೇಲೆ ಕೊಡ ಹಿಡಿದು ನಿಂತವಳನ್ನು ಇವಳೇ ಮಾತಾಡಿಸಿದ್ದು — ‘ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ’ ಅಂತ.

ಜುಲೈ ೧೭

ಬಸಮ್ಮ ಬರುವುದಿಲ್ಲವಂತೆ. ಆರಕ್ಕೇ ನಿಲ್ಲಿಸಿದಳು. ಅರಸೀಕೆರೆಯಿಂದ ಅವಳ ನಾದಿನಿ ಸುಮಿತ್ರಮ್ಮ ಬಂದು ತಲೆ ತಿರುಗಿಸಿದ್ದಾಳೆ. ಗೆಂಡೆಹಳ್ಳಿಯ ಆಚೆ ಯಾರೋ ಬೇರು ಅರೆದು ಕೊಡುತ್ತಾನಂತೆ, ಎರಡು ಮದ್ದು ಕೂಡಬಾರದಂತೆ.

ಬೇಲಿಯ ಹತ್ತಿರ ಜಗಳವಾಡಿದೆ.

‘ಇನ್ನು ಎಂಟು ಕಣೇ ಬಸಮ್ಮ. ಕಣ್ಣು ಮುಚ್ಚಿಕೊಂಡು ಚುಚ್ಚಿಸಿಕೊಂಡು ಬಿಡು.’

‘ಹೊಟ್ಟೆ ಜರಡಿ ಆಗೈತೆ. ಜ್ವರ ಬೇರೆ. ಸೀರೆ ಬಿಚ್ಕಂಡು ಮಲಿಕ್ಕಳಕೆ ನಮ್ಮನೇಲಿ ಮುದುಕ್ರು ಒಪ್ತಾ ಇಲ್ಲ. ಬುಡು.’

‘ಹೋದರೆ?’

‘ಹೋದ್ರೆ ನಿನ್ ಕಚ್ಚೇ ಹೋಗ್ತೀನಿ.’ ನಕ್ಕಳು. ನನಗೆ ನಗು ಬರಲಿಲ್ಲ. ಆಮೇಲೆ ಅವಳೇ ಒಂದು ಉಪಾಯ ಹೇಳಿದಳು. ದಿನಾ ಬೆಳಗ್ಗೆ ಬೇಲಿಯ ಆಚೆ ಅವಳು, ಈಚೆ ನಾನು. ಅವರವರ ಚೊಂಬು, ಅವರವರ ನೀರು. ಒಬ್ಬರು ಕುಡಿಯುವುದನ್ನು ಇನ್ನೊಬ್ಬರು ನೋಡುವುದು. ‘ನಮ್ ಗಂಟ್ಲು ನಮ್ಗೆ ಕಾಣಕಿಲ್ವಲ್ಲ’ ಎಂದಳು.

ಜುಲೈ ೨೫

ನಿನ್ನೆಗೆ ನನ್ನದು ಮುಗಿಯಿತು. ಹೊಟ್ಟೆಯ ಮೇಲೆ ಗಂಟುಗಳು. ಸೊಂಟಕ್ಕೆ ಸೀರೆ ಕಟ್ಟಲಾಗದು. ಇಷ್ಟು ದಿನ ಅಡಿಗೆ ಮಾಡಿ ಅತ್ತೆಯವರಿಗೂ ಸುಸ್ತು. ಬೈದುಕೊಂಡೇ ಬಿಸಿನೀರು ಕಾಯಿಸಿ ಬಚ್ಚಲಲ್ಲಿ ಇಟ್ಟಿದ್ದರು. ಮದ್ದು ಹಿಡಿಯಿತೋ ಇಲ್ಲವೋ ಎಂದು ಡಾಕ್ಟರನ್ನು ಕೇಳಿದೆ. ‘ಮೂರು ತಿಂಗಳು ಕಳೆಯಲಿ ತಾಯಿ’ ಎಂದರು.

ಮೂರು ತಿಂಗಳು ಸುಮ್ಮನೆ ಕಳೆಯುವುದು ಹೇಗೆ ಎಂದು ಅವರು ಹೇಳಲಿಲ್ಲ.

ಆಗಸ್ಟ್ ೯

ಬೆಳಗ್ಗೆ ಬೇಲಿ. ನಾನು ಎತ್ತಿ ಕುಡಿಯುತ್ತೇನೆ, ಅವಳು ಕಚ್ಚಿ. ‘ಇಳೀತಾ?’ ‘ಇಳೀತು.’ ಅಷ್ಟೇ. ಆಮೇಲೆ ಸೊಪ್ಪು, ಹುಣಿಸೆಹಣ್ಣು, ಊರ ಸುದ್ದಿ.

ಮೆಣಸಿನಕಾಯಿ ಹೆಚ್ಚುವಾಗ ಗಾಯದ ಬೆರಳು ಜುಂ ಎಂದಿತು. ರೋಗ ಏರುವಾಗ ಗಾಯದ ಜಾಗವೇ ಮೊದಲು ಜುಮ್ಮೆನ್ನುತ್ತದೆ ಎಂದು ಆಸ್ಪತ್ರೆಯಲ್ಲಿ ಕೇಳಿದ್ದೆ. ಕೈ ತೊಳೆದರೆ ಹೋಯಿತು. ಖಾರ. ಆದರೂ ಒರಳಿನ ಪಕ್ಕ ಎಷ್ಟೋ ಹೊತ್ತು ಕೂತಿದ್ದೆ. ಅರಸೀಕೆರೆಯಿಂದ ಮಗಳ ಕಾಗದ — ‘ಬಾಣಂತನಕ್ಕೆ ಯಾವಾಗ ಬಂದು ಕರಕೊಂಡು ಹೋಗ್ತೀಯ?’ ಏನು ಬರೆಯಲಿ? ಎಳೆಗೂಸಿರುವ ಮನೆಯಲ್ಲಿ ನಾನು ಬುದ್ಧಿ ಕೆಟ್ಟು ಯಾರ ಮೇಲಾದರೂ ಬಿದ್ದರೆ? ‘ಈಗ ಬೇಡ’ ಎಂದು ಬರೆದೆ. ಬೇಜಾರು ಮಾಡಿಕೊಳ್ಳುತ್ತಾಳೆ.

ಆಗಸ್ಟ್ ೩೦

ಸಾಕಾಗಿದೆ. ಹೆದರಿಕೆಯೂ ಒಂದು ಮನೆಗೆಲಸವಾಗಿದೆ. ಬೆಳಗ್ಗೆ ಎದ್ದು ಪಾತ್ರೆ ತೊಳೆದ ಹಾಗೆ, ಹೆದರಬೇಕು.

ಇವರು ತೀರ್ಥ ಕೊಡುವಾಗ ನನ್ನ ಗಂಟಲನ್ನೇ ನೋಡುತ್ತಾರೆ. ಅದು ಇಳಿದ ಮೇಲೆಯೇ ಮುಂದಿನವರಿಗೆ.

ಸೆಪ್ಟೆಂಬರ್ ೩

ಬಸಮ್ಮ ಬೇಲಿಗೆ ಬರಲಿಲ್ಲ. ಎರಡು ಸಲ ಕೂಗಿದೆ. ಜಯದೇವಪ್ಪನವರು ಹಿತ್ತಿಲಿಗೆ ಬಂದು, ‘ಗಂಟ್ಲು ನೋವಂತೆ ಅಮ್ಮಾವ್ರೆ. ಹೆಬ್ಬೆಟ್ಟು ಜೋಮು ಹಿಡೀತದಂತೆ. ಮಲಗವ್ಳೆ’ ಎಂದರು. ಥಂಡಿ ಇರಬೇಕು. ಥಂಡಿಯೇ ಇರಲಿ, ದೇವರೇ.

ಸೆಪ್ಟೆಂಬರ್ ೪

ಬಂದಳು. ಕಣ್ಣು ಕೆಂಪು, ತಲೆ ಬಾಚಿಲ್ಲ. ಚೊಂಬು ತುಟಿಯ ಹತ್ತಿರ ತಂದಳು. ಕತ್ತು ಹಿಂದಕ್ಕೆ ಸೆಳೆದುಕೊಂಡಿತು, ಗಂಟಲಲ್ಲಿ ಏನೋ ಶಬ್ದ. ಚೊಂಬು ಬಿತ್ತು, ನೀರೆಲ್ಲ ಬೇಲಿಯ ಬುಡಕ್ಕೆ ಹೋಯಿತು.

‘ಆಟ ಆಡ್ದೆ ಕಣೇ. ಹೆದುರ್ಕಂಡ್ಯಾ?’

ನಾನು ನಕ್ಕೆ. ಅವಳೂ ನಕ್ಕಳು. ಇಬ್ಬರೂ ನಗುತ್ತ ನಿಂತೆವು. ಬಿದ್ದ ಚೊಂಬನ್ನು ಎತ್ತಿಕೊಳ್ಳಲು ಅವಳು ಬಗ್ಗಲಿಲ್ಲ. ಅದರ ಕಡೆ ನೋಡದೆ ಒಳಗೆ ಹೋದಳು.

ಸೆಪ್ಟೆಂಬರ್ ೫

ಬೇಲೂರಿಂದ ಡಾಕ್ಟರು ಬಂದಿದ್ದರು. ನೋಡಿ, ಮದ್ದಿನ ಚೀಲ ಬಿಚ್ಚದೆಯೇ ಹೋದರು. ಬಸಮ್ಮನನ್ನು ಕೊಬ್ಬರಿ ಕೋಣೆಯಲ್ಲಿ ಮಲಗಿಸಿದ್ದಾರೆ. ಮಧ್ಯಾಹ್ನ ಜಯದೇವಪ್ಪನವರು ಬಾಗಿಲಿಗೆ ಬಂದರು. ಆ ದೊಡ್ಡ ಆಳು ಮಗುವಿನ ಹಾಗೆ ಅಳುತ್ತಿದ್ದರು. ‘ನಿಮ್ಮುನ್ನೇ ಕೇಳ್ತಾವ್ಳೆ. ಒಂದ್ಗಳಿಗೆ ಬನ್ನಿ.’

ಅತ್ತೆಯವರು ಬೇಡ ಎಂದರು. ಇವರು ಬಾಗಿಲಿಂದ ಸರಿದು ದಾರಿ ಬಿಟ್ಟರು. ಹೋದೆ.

ಹೊಸಿಲಲ್ಲಿ ನಿಂತೆ. ಮಂಚಕ್ಕೆ ಕೈ ಕಟ್ಟಿದ್ದರು. ಗುರುತು ಹಿಡಿದಳು. ದನಿ ಹೋಗಿತ್ತು.

‘ಒಳೀಕ್ ಬರ್ಬೇಡ. ಅಲ್ಲೇ ನಿಂತ್ಕ. ನೀರು ಕುಡುದ್ಯಾ ಇವತ್ತು?’

‘ಕುಡಿದೆ ಕಣೇ.’

‘ಇಳೀತಾ?’

‘ಇಳೀತು.’

‘ಸರಿ. ಹಂಗಾದ್ರೆ ಹೋಗು.’

ಅಷ್ಟರಲ್ಲಿ ಬಾಗಿಲಿಂದ ಗಾಳಿ ಬೀಸಿತು. ಬರೀ ಗಾಳಿ. ಅಷ್ಟಕ್ಕೇ ಅವಳ ಮೈಯೆಲ್ಲ ಬಿಲ್ಲಾಯಿತು. ಆ ಶಬ್ದ ಮೊದಲೇ ಕೇಳಿದ್ದೆ. ತುಂಗೆಯ ಶಬ್ದ.

ಓಡಿಬಂದೆ. ಅವಳು ಹೋಗು ಎಂದದ್ದಕ್ಕೆ ಅಲ್ಲ, ಹೆದರಿ ಓಡಿಬಂದೆ. ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ. ಅವಳಿಗಾಗಿ ಅತ್ತೆನೋ ನನಗಾಗಿ ಅತ್ತೆನೋ ನನಗೇ ಗೊತ್ತಿಲ್ಲ. ಹಂಡೆಯ ನೀರು ಪಕ್ಕದಲ್ಲೇ ಇತ್ತು. ಆ ಕಡೆ ತಿರುಗಲು ಧೈರ್ಯವಾಗಲಿಲ್ಲ.

ಸೆಪ್ಟೆಂಬರ್ ೭

ಹೋದಳು.

ಸೆಪ್ಟೆಂಬರ್ ೨೨

ತೋಟದಲ್ಲಿ ಸಮಾಧಿ ಮಾಡಿದ್ದಾರೆ. ಹಿತ್ತಿಲ ಬಾಗಿಲು ತೆಗೆದರೆ ಕಾಣುತ್ತದೆ. ತೆಗೆಯುತ್ತಿಲ್ಲ. ಸೊಪ್ಪಿಗೂ ಹಿತ್ತಿಲಿಗೆ ಹೋಗುತ್ತಿಲ್ಲ. ಅತ್ತೆಯವರೇ ಹೋಗುತ್ತಾರೆ, ಗೊಣಗುವುದಿಲ್ಲ.

ನೀರು ಕುಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ಅವಳ ಆರು, ನನ್ನ ಹದಿನಾಲ್ಕು. ಹಸು ಒಂದೇ. ಬಾ ಎಂದು ಕರೆದದ್ದು ನಾನು. ಎರಡು ಬಯ್ದಾದರೂ ಎಳೆದುಕೊಂಡು ಹೋಗಿ ಬಸ್ಸು ಹತ್ತಿಸಬಹುದಿತ್ತು. ಒಂದು ಮಾತು ಜಗಳವಾಡಿ ಒಲೆ ಮುಂದೆ ಬಂದು ಕೂತೆ.

ಅಕ್ಟೋಬರ್ ೧

ಸಂಜೆ ಕೊಳಕ್ಕೆ ಹೋಗಿ ಮೆಟ್ಟಿಲ ಮೇಲೆ ಕೂತೆ. ನೀರು ನೋಡಿದೆ. ಏನೂ ಆಗಲಿಲ್ಲ. ನಾನೇ ಬೊಗಸೆಯಲ್ಲಿ ಎತ್ತಿ ಮುಖಕ್ಕೆ ಹಾಕಿಕೊಂಡೆ. ಏನೂ ಆಗಲಿಲ್ಲ. ಹೆಂಗಸರು ಕೊಡ ತುಂಬಿಕೊಂಡು ಮಾತಾಡುತ್ತ ಹೋದರು. ನನ್ನನ್ನು ಕಂಡು ಸ್ವಲ್ಪ ಸರಿದೇ ಹೋದರು. ಬೇಜಾರಾಗಲಿಲ್ಲ. ಅವರ ಜಾಗದಲ್ಲಿ ನಾನೂ ಸರಿಯುತ್ತಿದ್ದೆ.

ಅಕ್ಟೋಬರ್ ೧೬

ಅತ್ತೆಯವರಿಗೆ ಜ್ವರ. ಸೊಪ್ಪಿಗೆ ನಾನೇ ಹಿತ್ತಿಲ ಬಾಗಿಲು ತೆಗೆಯಬೇಕಾಯಿತು. ಬೆಳಗ್ಗೆ, ಮಂಜು ಇನ್ನೂ ಇತ್ತು.

ಬೇಲಿಯ ಆಚೆ ಜಯದೇವಪ್ಪನವರು ನಿಂತಿದ್ದರು. ಕೈಯಲ್ಲಿ ಚೊಂಬು. ಬಸಮ್ಮನದಲ್ಲ, ಬೇರೆಯದು. ಅವಳದು ಅವಳ ಜೊತೆಯಲ್ಲೇ ಹೋಯಿತು.

ಏನು ಎಂದು ಕೇಳಿದೆ. ತಲೆ ತಗ್ಗಿಸಿಕೊಂಡೇ ಹೇಳಿದರು.

‘ಹೋಗೋ ದಿನ ಹೇಳುದ್ಲು ಅಮ್ಮಾವ್ರೆ. ದಿನಾ ಬೆಳಗ್ಗೆ ಬೇಲಿತಾವ ಹೋಗಿ, ಯದುಗಿರಮ್ಮನ ನೀರು ಇಳೀತದಾ ನೋಡ್ಕಬನ್ನಿ, ಅವುಳ್ಗೆ ಅವುಳ್ ಗಂಟ್ಲು ಕಾಣಕಿಲ್ಲ ಅಂತ. ದಿನಾ ಬತ್ತಾ ಇವ್ನಿ. ನೀವು ಬರ್ನಿಲ್ಲ.’

ದಿನಾ. ಒಂದು ತಿಂಗಳ ಮೇಲಾಯಿತು. ಬಾಗಿಲು ಹಾಕಿಕೊಂಡು ನಾನು ಒಳಗಿದ್ದೆ. ಈ ಮನುಷ್ಯ ಚೊಂಬು ಹಿಡಿದು ಇಲ್ಲಿ ನಿಂತಿದ್ದರು.

ನನ್ನ ಕೈಯಲ್ಲಿ ಸೊಪ್ಪಿನ ಬುಟ್ಟಿ ಬಿಟ್ಟರೆ ಏನೂ ಇರಲಿಲ್ಲ. ಒಳಗೆ ಹೋಗಿ ಚೊಂಬು ತರಬಹುದಿತ್ತು. ‘ಕೊಡಿ’ ಎಂದೆ.

‘ನಮ್ಮನೇ ನೀರು. ನಿಮ್ಗೆ ಆಗಕಿಲ್ಲ.’

‘ಕೊಡಿ.’

ಚೊಂಬನ್ನು ಬೇಲಿಯ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದರು. ತೆಗೆದುಕೊಂಡೆ. ಎತ್ತಿ ಕುಡಿಯೋಣವೆಂದರೆ ನೀರು ಮೂಗಿಗೆ ಹೋಯಿತು. ಕಚ್ಚಿಯೇ ಕುಡಿದೆ. ಕಣ್ಣು ಮುಚ್ಚಲಿಲ್ಲ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು, ಅವಳು ನೋಡುತ್ತಿದ್ದ ಹಾಗೆ.

‘ಇಳೀತಾ ಅಮ್ಮಾವ್ರೆ?’

‘ಇಳೀತು.’

‘ಸರಿ. ಹಂಗಾದ್ರೆ ಬತ್ತೀನಿ.’ ತೋಟದ ಕಡೆ ಹೊರಟರು, ಅವಳಿಗೆ ಹೇಳಲು ಹೋಗುವವರ ಹಾಗೆ.

ಕರೆತರಲು ಬರುತ್ತೇನೆ ಎಂದು ಇವತ್ತೇ ಮಗಳಿಗೆ ಕಾಗದ ಬರೆಯಬೇಕು. ನಾಳೆ ನನ್ನ ಚೊಂಬು ಮರೆಯಬಾರದು. ಅವರ ಬಾವಿಯ ನೀರು ಸ್ವಲ್ಪ ಉಪ್ಪು. ಇಪ್ಪತ್ತು ವರ್ಷ ಬೇಲಿಯ ಈಚೆ ಇದ್ದು ಇದೊಂದು ನನಗೆ ಗೊತ್ತಿರಲಿಲ್ಲ.