ತಿರುವದ ಹಾಳೆ

೨ ಅಕ್ಟೋಬರ್ ೨೦೨೫, ವಿಜಯದಶಮಿ, ಶ್ರೀನಿವಾಸಪುರ

ಇವತ್ತು ಅತ್ತೆಯ ಮುಂದೆ ಸುಳ್ಳೇ ಓದಿದೆ.

ಮಳೆ ನಿಂತು ಸಂಜೆ ತಣ್ಣಗಾದ ಕೂಡಲೇ ಪ್ರತಿವರ್ಷ ಹೊಸ ನೋಟ್‌ಬುಕ್, ಶಾಲು, ಶುಂಠಿ ಕಾಫಿ, ಕಿಟಕಿ ಪಕ್ಕದ ಕುರ್ಚಿ ಎಲ್ಲ ಹೊಂದಿಸಿಕೊಳ್ಳುತ್ತೇನೆ. ಆರು ವರ್ಷವಾಯಿತು, ಒಂದು ಕಥೆಯೂ ಬಂದಿಲ್ಲ. ನಾನು ಬರೆಯುವವಳೋ, ಬರೆಯಲು ಅಣಿಯಾಗುವವಳು ಮಾತ್ರವೋ? ಸರಸ್ವತಿ ಪೂಜೆಗೆ ನೋಟ್‌ಬುಕ್ಕನ್ನೂ ಇಟ್ಟಾಗ, ಮೂರು ದಿನ ಮುಟ್ಟುವಂತಿಲ್ಲವೆಂದು ಹಾಯೆನಿಸಿತ್ತು.

ಇವತ್ತು ಓದು ಬಾರದ ಅತ್ತೆ ಅದನ್ನು ಪೂಜೆಯಿಂದ ತೆಗೆದು ಕೈಗಿಟ್ಟರು. "ಇವತ್ತು ಓದಿದ್ರೇನೇ ವಿದ್ಯೆ ನಿಲ್ಲೋದು. ನೀನು ಬರ್ದಿರೋದು ಒಂದು ಓದಮ್ಮ."

ಖಾಲಿ ಹಾಳೆ ನೋಡುತ್ತಾ ಬಾಯಿಗೆ ಬಂದದ್ದು ಹೇಳಿದೆ. ಗೌನಿಪಲ್ಲಿಯ ಮಾವಿನ ತೋಪು ಕಾಯುವ ಹೆಂಗಸೊಬ್ಬಳ ಕಥೆ. ಅತ್ತೆ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

"ಚೆನ್ನಾಗೈತೆ ಕಣೇ. ಆದ್ರೆ ಅಷ್ಟು ಹೊತ್ತು ಓದ್ದೆ, ಒಂದು ಹಾಳೆನೂ ತಿರುವ್ಲಿಲ್ವಲ್ಲೇ?"

ನೆಲ ಬಿರಿಯಬಾರದೇ ಅನ್ನಿಸಿತು. ಅವರೇ ಸೆರಗಿನಿಂದ ನೋಟ್‌ಬುಕ್ಕಿನ ಕುಂಕುಮ ಒರೆಸಿ, "ನಾಳೆಗೆ ಬರ್ದಿಡು, ಇನ್ನೊಂದ್ಸಲ ಕೇಳ್ತೀನಿ" ಅಂದರು.

ಎರಡು ಗಂಟೆ ಹೊತ್ತಿನಿಂದ ಬರೆಯಲು ಕೂತಿದ್ದೇನೆ. ಆ ಹೆಂಗಸು ಮೊದಲು ಆಡಿದ ಮಾತೇನು? ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ನನ್ನ ಕಥೆ ಈಗ ಪಕ್ಕದ ಕೋಣೆಯಲ್ಲಿ ಮಲಗಿರುವ ಅತ್ತೆಯ ಬಳಿ ಮಾತ್ರ ಇದೆ. ಎಬ್ಬಿಸಿ ಕೇಳಲೇ, "ಅತ್ತೆ, ಅವಳು ಏನಂದಳು?" ಅಂತ?