ಅಡುಗೆಮನೆ ಬಾಗಿಲಿನ ಚಾರ್ಜರ್

ಜುಲೈ 14, ಬೆಳಿಗ್ಗೆ 8
ಬೆಡ್‌ರೂಮಿನ ಟೈಪ್-ಸಿ ಚಾರ್ಜರ್ ಸತ್ತಿತು. ಹಾಲ್‌ನದು ನನ್ನ ಯಜಮಾನರ ಜಹಗೀರು, ಮುಟ್ಟಿದರೆ ಮಹಾಭಾರತ. ಉಳಿದದ್ದು ಅಡುಗೆಮನೆ ಬಾಗಿಲ ಪಕ್ಕದ್ದು. ಅದರಲ್ಲಿ ಅತ್ತೆಯ ಕಿವಿ ಮಷೀನಿನ ಚಾರ್ಜಿಂಗ್ ಡಬ್ಬಿ. ಕಿತ್ತು ಪಕ್ಕಕ್ಕಿಟ್ಟೆ, ನನ್ನ ಫೋನ್ ಹಾಕಿದೆ. ಶಾಲೆಯಲ್ಲಿ ಹಾಜರಾತಿ ಎಲ್ಲ ಫೋನಿನಲ್ಲೇ... ಅತ್ತೆ ಮಡಿಯಲ್ಲಿದ್ದರು, ಒಲೆ ಕಡೆ ಮುಖ. ನೋಡಲಿಲ್ಲ. ಹೊರಡುವಾಗ ಫೋನ್ ಕಿತ್ತು ಡಬ್ಬಿಯನ್ನು ಮತ್ತೆ ಸಿಕ್ಕಿಸಿದೆ.

ಜುಲೈ 16
ಇವತ್ತೂ ಕಿತ್ತೆ. ಸಂಜೆ ಮೂರು ಸಲ ಕರೆದರೂ ಅತ್ತೆಯ ಉತ್ತರವಿಲ್ಲ. ಸಿಟ್ಟು ನೆತ್ತಿಗೇರಿತು. ಅವರೆದುರಿಗೇ ಯಜಮಾನರಿಗೆ ಅಂದೆ — "ನಿಮ್ಮ ಅವ್ವಗ ಬೇಕಾದದ್ದಷ್ಟೇ ಕೇಳಸ್ತದ." ಅತ್ತೆ ನಗುತ್ತಾ ಬತ್ತಿ ಹೊಸೆಯುತ್ತಿದ್ದರು.

ಜುಲೈ 19, ರಾತ್ರಿ
ಶನಿವಾರದ ಭಜನೆ. ಚಂದಾಪುರದ ಹೆಂಗಸರಿಗೆಲ್ಲ ಹಾಡು ಎತ್ತಿಕೊಡುವವರು ಅತ್ತೆ. ಇವತ್ತು ಎಲ್ಲರೂ ನಿಲ್ಲಿಸಿದ ಮೇಲೂ ಕಣ್ಣು ಮುಚ್ಚಿ ಒಬ್ಬರೇ ಹಾಡುತ್ತಿದ್ದರು. ಯಾರೋ ಕಿಸಕ್ಕೆಂದರು. ಕಣ್ಣು ತೆರೆದು ಸುತ್ತ ನೋಡಿದರು... ತಮ್ಮ ತಾಳವನ್ನು ಪಕ್ಕದ ಮನೆ ಇಂದಿರಾಬಾಯಿಯ ಕೈಗಿಟ್ಟರು. "ಇನ್ನ ನೀನೇ ನಡಸವಾ. ಮಷೀನ್ ಹಾಕ್ಕೊಂಡ್ರೂ ಕೇಳಸಲಿಕತ್ತಿಲ್ಲ. ನನ್ನ ಕಿವಿ ಮುಗೀತು."

ಜುಲೈ 20, ಭಾನುವಾರ
ಶಾಲೆಯಿಲ್ಲ. ಫೋನ್ ಹಾಕಲಿಲ್ಲ, ಡಬ್ಬಿ ಕೀಳಲಿಲ್ಲ. ಊಟದ ಹೊತ್ತಿಗೆ ಅತ್ತೆ ಬೆಚ್ಚಿಬಿದ್ದರು — "ಕುಕ್ಕರ್ ಯಾಕ ಇಷ್ಟು ಒದರ್ಲಿಕತ್ತದ?"

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅತ್ತೆ ದಿನಾ ಸ್ನಾನಕ್ಕೆ ಮುಂಚೆ ಮಷೀನ್ ತೆಗೆದು ಚಾರ್ಜಿಗೆ ಇಡುತ್ತಾರೆ. ನೈವೇದ್ಯವಾಗಿ ಮಡಿ ಬಿಚ್ಚಿದ ಮೇಲೆಯೇ ಮತ್ತೆ ಕಿವಿಗೆ. ಚಾರ್ಜ್ ಆಗುವುದು ಆ ಹೊತ್ತಿನಲ್ಲಿ ಮಾತ್ರ. ವಾರವಿಡೀ ಆ ಹೊತ್ತನ್ನೇ ಕದ್ದೆ. ಖಾಲಿ ಮಷೀನ್ ಹಾಕಿಕೊಂಡು ಕಿವಿಯೇ ಹೋಯಿತೆಂದುಕೊಂಡರು. ಮೇಲೆ ನನ್ನ ಮಾತು ಬೇರೆ. ಛೀ, ನಾನೂ ಒಬ್ಬ ಟೀಚರ್.

ಜುಲೈ 21
ನನ್ನ ಫೋನಿಗೆ ಹೊಸ ಚಾರ್ಜರ್ ತಂದೆ. ಅತ್ತೆ ಕೇಳಿದರು — "ಮಷೀನ್ ರಿಪೇರಿ ಮಾಡಿಸಿಯೇನವಾ?" ಬಾಯಿಂದ "ಹೂಂ" ಅಂತ ಬಂದೇಬಿಟ್ಟಿತು.

ಜುಲೈ 26, ರಾತ್ರಿ
ಭಜನೆಗೆ ಹೋದೆವು. ಅತ್ತೆ ಹಿಂದಿನ ಸಾಲಿನಲ್ಲಿ ಕೂತರು. ತಾಳ ಇಂದಿರಾಬಾಯಿಯ ಕೈಯಲ್ಲೇ. ಕೊಟ್ಟದ್ದನ್ನು ತಿರುಗಿ ಕೇಳಬಾರದಂತೆ. ಎಲ್ಲರ ಮುಂದೆ ನನ್ನ ಬೆನ್ನು ಸವರಿ ಹೇಳಿದರು — "ನನ್ನ ಸೊಸಿ ಭಾಳ ಕಾಳಜಿ ಮಾಡ್ತಾಳ್ರಿ. ಆಕಿ ಇಲ್ಲಂದ್ರ ನಾ ಕಿವುಡಿನೇ ಆಗ್ತಿದ್ದೆ." ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮನೆಗೆ ಬಂದು ಅವರ ಮುಂದೆ ಕೂತೆ. "ಅತ್ಯಾ, ಒಂದು ಮಾತು ಹೇಳೋದದ."

"ಹೇಳವಾ. ಈಗ ನೀ ಮೆಲ್ಲಕ ಅಂದ್ರೂ ಕೇಳಸ್ತದ."

ನಾನು ಮೆಲ್ಲಗೇ ಅಂದೆ — "ಮಷೀನ್ ಕೆಟ್ಟಿರಲಿಲ್ಲ, ಅತ್ಯಾ. ದಿನಾ ಡಬ್ಬಿ ಕಿತ್ತು ಫೋನ್ ಹಚ್ಚಿದಾಕಿ ನಾನ."